ಥೂ ಮಾಮನ ಹಿಮಗಾಲ

ಥೂ ಮಾಮನಿಗೆ ಯಾವುದೂ ಹಿಡಿಸುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು. ಹಿಡಿಸದೆ ಇರುವುದು ಅವನಿಗೆ ತುಂಬಾ ಹಿಡಿಸುತ್ತಿತ್ತು. ಹೊಸ ಚಪ್ಪಲಿಯ ಹೊಲಿಗೆಯಲ್ಲಿ ಒಂದು ಓರೆ ಸಿಕ್ಕಿದರೆ ಆ ದಿನ ಊಟ ಒಳ್ಳೆ ರುಚಿಯಾಗಿ ಇಳಿಯುತ್ತಿತ್ತು. ಏನೂ ಸಿಗದಿದ್ದರೆ ಚಪ್ಪಲಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಚೆನ್ನಾಗಿ ಹೊಲ್ದಿದಾರೆ ಅಂದ್ರೆ ಒಳಗೆ ಏನೋ ಮುಚ್ಚಿಟ್ಟಿದಾರೆ" ಎಂದು ಮುಖ ಸಿಂಡರಿಸುತ್ತಿದ್ದ.

ಕಸುಬು ಹಲ್ಲಿನದು. ಹಾಗಂತ ಡಾಕ್ಟರಲ್ಲ. ಡಾಕ್ಟರಮ್ಮ ಮುಂದಿನ ಕೋಣೆಯಲ್ಲಿ ಜನರ ಬಾಯಿ ತೆರೆಸಿದರೆ, ಇವನು ಹಿಂದಿನ ಕೋಣೆಯಲ್ಲಿ ಕೂತು ಬೊಚ್ಚುಬಾಯಿಯವರಿಗೆ ಹಲ್ಲಿನ ಸೆಟ್ಟು ಮಾಡುತ್ತಿದ್ದ. ಗೋಡೆಯ ಉದ್ದಕ್ಕೂ ಹಲಗೆ, ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು. ಊರಿನ ಅರ್ಧ ಹಿರಿತಲೆಗಳು ಆ ಹಲಗೆಯ ಮೇಲೆ ಬಾಯಿಬಿಟ್ಟುಕೊಂಡು ಕೂತಿದ್ದವು. ಅವರ ಮೇಲೂ ಅವನಿಗೆ ಕನಿಕರವಿರಲಿಲ್ಲ. "ಈ ಯಪ್ಪನ್ನ ನೋಡಿ, ಜೀವಮಾನವಿಡೀ ಒಂದೇ ಕಡೇಲಿ ಅಗಿದಿದಾನೆ. ಇನ್ನೊಂದು ಕಡೆ ಏನು ಬಾಡಿಗೆಗೆ ಕೊಟ್ಟಿದ್ನಾ?" ಎನ್ನುತ್ತಾ ಮೇಣ ಕಾಯಿಸುತ್ತಿದ್ದ.

ಆದರೆ ಕೆಲಸದಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ, ಏಕೆಂದರೆ ಒಂದು ನಿಯಮವನ್ನು ಅವನು ಎಂದೂ ಮುರಿದವನಲ್ಲ. ಸೆಟ್ಟನ್ನು ಮೊದಲು ಗುಲಾಬಿ ಮೇಣದಲ್ಲಿ ಕಟ್ಟಬೇಕು. ಅದನ್ನು ಬಾಯಿಗಿಟ್ಟು ಮಾತಾಡಿಸಿ ನೋಡಬೇಕು, ನಗಿಸಿ ನೋಡಬೇಕು. ಆಮೇಲೆಯೇ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಪ್ಲಾಸ್ಟಿಕ್ ತುಂಬಿ, ಕುದಿನೀರಿನಲ್ಲಿ ಬೇಯಿಸಿ ಗಟ್ಟಿ ಮಾಡಬೇಕು. ಒಮ್ಮೆ ಬೆಂದು ಗಟ್ಟಿಯಾದ ಮೇಲೆ ತಿದ್ದುವ ಮಾತೇ ಇಲ್ಲ, ಒಡೆಯುವುದೊಂದೇ ದಾರಿ. ಎದುರು ಬೀದಿಯಲ್ಲಿ ಮೇಣ ಬಾಯಿಗಿಟ್ಟು ನೋಡುವ ತಂಟೆಗೇ ಹೋಗದೆ ಸೀದಾ ಬೇಯಿಸುವವರಿದ್ದರು. ಅವರ ಹೆಸರೆತ್ತಿದರೆ ಸಾಕು, ಥೂ ಮಾಮನ ತುಟಿ ಒಂದು ಕಡೆಗೆ ವಾಲುತ್ತಿತ್ತು. "ಅವರು ಮಾಡಿದ ಸೆಟ್ ಹಾಕ್ಕೊಂಡ್ರೆ ನಕ್ಕರೂ ಕುದುರೆ, ಅತ್ತರೂ ಕುದುರೆ."

ಇಷ್ಟೆಲ್ಲ ಮಾಡಿಯೂ ಹೆಸರು ಯಾರಿಗೆ? ಡಾಕ್ಟರಮ್ಮನಿಗೆ. ಹೊಸ ಹಲ್ಲು ಹಾಕಿಸಿಕೊಂಡವರು ಅವಳಿಗೆ ಕೈಮುಗಿದು, ಕನ್ನಡಿಯಲ್ಲಿ ಹಲ್ಲು ಕಿರಿದು ನೋಡಿಕೊಂಡು ಹೋಗುತ್ತಿದ್ದರು. ಹಿಂದಿನ ಕೋಣೆಯಲ್ಲಿ ಒಂದು ನರಪಿಳ್ಳೆ ಇದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ಅವನ ಮಾತಿಗೆ ತೂಕವಿದ್ದದ್ದು ಒಂದೇ ಜಾಗದಲ್ಲಿ. ಅದು ಮನೆಯ ಹಾಲಿನಲ್ಲಿ, ಚಪ್ಪಲಿ ಗೂಡಿಗೂ ಫ್ರಿಜ್ಜಿಗೂ ನಡುವೆ ಸಿಕ್ಕಿಸಿದ್ದ ಕಂಪ್ಯೂಟರಿನೊಳಗೆ.

ಆ ಕಂಪ್ಯೂಟರಿನಲ್ಲಿ ಅವನು ಆಡುತ್ತಿದ್ದ ಆಟ 'ಏಳು ಕೋಟೆ'. ಡಿಶುಂ ಡಿಶುಂ ಅಲ್ಲ. ನಿಮಗೊಂದು ಕೋಟೆ, ಒಂದು ನದಿ, ಹಿಡಿಯಷ್ಟು ಪ್ರಜೆಗಳು. ಯೋಚಿಸಿ ಒಂದು ನಡೆ ನಡೆಸಬೇಕು, ಆಮೇಲೆ ಎದುರಾಳಿಯ ಸರದಿ. ಚದುರಂಗಕ್ಕೆ ಹೊಟ್ಟೆಪಾಡು ಅಂಟಿಸಿದ ಹಾಗೆ. ಇಂಥ ಆಟ ಮಾರುವವರು ಒಂದೇ ಸಲ ಮಾರಿ ಸುಮ್ಮನಾಗುವುದಿಲ್ಲ. ಕಟ್ಟಿದ ಮನೆಯ ಮೇಲೆ ಮಹಡಿ ಎಬ್ಬಿಸಿದ ಹಾಗೆ ಹಳೆಯ ಆಟಕ್ಕೆ ಹೊಸ ಭಾಗ ಸೇರಿಸಿ ಮತ್ತೆ ಮಾರುತ್ತಾರೆ. ಅದಕ್ಕೆ ಎಕ್ಸ್‌ಪ್ಯಾನ್ಶನ್ ಎಂದು ಹೆಸರು. ಅದು ಬಂದ ದಿನ ಆಟಗಾರರ ಆನ್‌ಲೈನ್ ಗುಂಪಿನಲ್ಲಿ ಅಭಿಪ್ರಾಯಗಳ ಸಂತೆ.

ಎಂಥ ಅಭಿಪ್ರಾಯಗಳಪ್ಪಾ ಅವು! ತಿಂಗಳುಗಟ್ಟಲೆ ಸ್ನಾನ ಊಟ ಬಿಟ್ಟು ಆಡಿದವನು ಕೊನೆಗೆ 'ಟೈಮ್ ವೇಸ್ಟ್' ಎಂದು ಬರೆದು, ಬರೆದ ಮರುಗಳಿಗೆಯೇ ಮತ್ತೆ ಆಡಲು ಕೂರುತ್ತಿದ್ದ. ತಾತನ ಕಾಲದ ಕಂಪ್ಯೂಟರು ಇಟ್ಟುಕೊಂಡವನು 'ಆಟ ಆಮೆ ಥರ ಹೋಗುತ್ತೆ, ಮೋಸ' ಎಂದು ಬೊಬ್ಬೆ ಹೊಡೆಯುತ್ತಿದ್ದ. ಕೊಳ್ಳದವನಿಗೆ ಕೊಂಡವನಿಗಿಂತ ಹೆಚ್ಚು ಸಿಟ್ಟು. 'ನಾನಿನ್ನೂ ಆಡಿಲ್ಲ, ಆದರೆ' ಎಂದು ಶುರುಮಾಡುವವರನ್ನೆಲ್ಲ ಒಂದು ಬಸ್ಸಿಗೆ ತುಂಬಿದ್ದರೆ ಟಾಪಿನ ಮೇಲೂ ಜಾಗ ಸಾಲುತ್ತಿರಲಿಲ್ಲ.

ಈ ಕುರುಡರ ರಾಜ್ಯಕ್ಕೆ ನಮ್ಮವನು ದೊರೆ. ಯಾವ ಹೊಸ ಭಾಗ ಬಂದರೂ ಅವನ ಬರಹ ಶುರುವಾಗುತ್ತಿದ್ದದ್ದು 'ಥೂ' ಎಂದೇ. ಹೆಸರು ಬಂದದ್ದು ಅದರಿಂದ. ಅವನು ಥೂ ಎಂದರೆ ಕೊಳ್ಳಲು ಹೊರಟವರು ಜೇಬಿಗೆ ಹಾಕಿದ ಕೈಯನ್ನು ಬರಿಗೈಯಾಗಿ ಹೊರಗೆ ತೆಗೆಯುತ್ತಿದ್ದರು. 'ಮಾಮ ಹೇಳಿದ ಮೇಲೆ ಮುಗೀತು' ಎಂದು ಕೆಳಗೆ ಸಾಲುಸಾಲು ಬರುತ್ತಿತ್ತು. ಆ ಸಾಲುಗಳನ್ನು ಓದುವಾಗ ಅವನ ಮುಖದಲ್ಲಿ ಮೂಡುತ್ತಿದ್ದ ಕಳೆಯನ್ನು ಹೆಂಡತಿ ಮದುವೆಯ ದಿನವೂ ಕಂಡಿರಲಿಲ್ಲ.

ಹೆಂಡತಿಗೆ ಬಸ್ ನಿಲ್ದಾಣದಲ್ಲಿ ಕೆಲಸ, ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುವುದು. ದಿನವಿಡೀ ತಡವಾದ ಬಸ್ಸುಗಳಿಗಾಗಿ ವಿಷಾದಿಸಿ ವಿಷಾದಿಸಿ ಅವಳಿಗೆ ಈ ಲೋಕದ ಮೇಲೆ ಒಂದು ಬಗೆಯ ತಣ್ಣನೆಯ ತಾತ್ಸಾರ ಬಂದುಬಿಟ್ಟಿತ್ತು. ಗಂಡನ ಆಟದ ಕಡೆಗೆ ಅವಳು ತಿರುಗಿಯೂ ನೋಡಿದವಳಲ್ಲ. "ಬೊಂಬೆ ಕುಣ್ಸಿದ್ದು ಆಯ್ತಾ? ಕಸದ ಬುಟ್ಟಿ ಹೊರಗಿಡಿ" ಎನ್ನುವುದಷ್ಟೇ.

ಅವಳ ತಮ್ಮ ಮಾತ್ರ ಈ ಆಟಕ್ಕೆ ಬಿದ್ದಿದ್ದ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಕಲಿಯುವವರು ಗೇಟಿಗೆ ಗುದ್ದಿದರೂ "ಸೂಪರ್, ಬ್ರೇಕ್ ಮಾತ್ರ ಇನ್ನೊಂಚೂರು ಮುಂಚೆ" ಎನ್ನುವ ಆಸಾಮಿ. ಮನೆಯವರೂ ಅವನನ್ನು ಸೂಪರ್ ಎಂದೇ ಕರೆಯುತ್ತಿದ್ದರು. ಥೂ ಮಾಮನಿಗೆ ಲೋಕದಲ್ಲಿ ಅತಿ ತುಚ್ಛವಾದದ್ದು ಯಾವುದು ಎಂದರೆ ಈ ಭಾವಮೈದುನನ ಅಭಿಪ್ರಾಯ.

ಆ ವರ್ಷ ಬಂದ ಹೊಸ ಭಾಗದ ಹೆಸರು 'ಹಿಮಗಾಲ'. ಕೋಟೆಗಳಿಗೆ ಚಳಿ ಬರುತ್ತದೆ, ನದಿ ಹೆಪ್ಪುಗಟ್ಟುತ್ತದೆ, ಹಿಮದ ಮೇಲೆ ಸರಕಿನ ಬಂಡಿಗಳು ದಾಟುತ್ತವೆ ಎಂದು ಜಾಹೀರಾತು. ಥೂ ಮಾಮ ಬಂದ ದಿನವೇ ಕೊಂಡ. ಬಯ್ಯುವುದಕ್ಕೆ ಕೊಳ್ಳಲೇಬೇಕಲ್ಲ! ಒಂದು ವಾರ ಬಿಡದೆ ಆಡಿದ. ಚಳಿಯೂ ಇಲ್ಲ, ಗಿಳಿಯೂ ಇಲ್ಲ. ನಾಲ್ಕು ಬಟನ್ನುಗಳ ಬಣ್ಣ ಬದಲಾಗಿತ್ತು, ಕಂದಾಯದ ಲೆಕ್ಕ ಒಂಚೂರು ಆಚೀಚೆಯಾಗಿತ್ತು, ಅಷ್ಟೇ. ಅವನ ರಕ್ತ ಕುದಿಯಿತು. ಕುದಿದಷ್ಟೂ ಹಿತವಾಯಿತು.

"ಭಾವ, ಹಿಮಗಾಲ ಸೂಪರ್ ಅಲ್ವಾ?" ಎನ್ನುತ್ತಾ ಭಾನುವಾರ ಮನೆಗೆ ಬಂದ ಸೂಪರ್ ಫ್ರಿಜ್ಜಿಗೆ ಒರಗಿ ನಿಂತ.

"ಯಾವ ಬಾಯಲ್ಲಿ ಸೂಪರ್ ಅಂತೀಯೋ? ಎಲ್ಲಿದೆ ಹಿಮ?"

"ಅಯ್ಯೋ, ನಂದ್ರಲ್ಲಿ ನದಿ ಪೂರ್ತಿ ಗಟ್ಟಿ ಆಯ್ತು ಭಾವ. ಮೇಲೆ ಬಂಡಿ ಹೋದ್ವು."

"ನಿನ್ನ ಗೇಟಿಗೆ ಗುದ್ದಿದ ಕಾರೂ ನಿನಗೆ ಹೋದ ಹಾಗೇ ಕಾಣುತ್ತೆ. ಸುಮ್ನಿರು."

"ನಿಜ ಭಾವ, ಅಕ್ಕನ ಆಣೆ!"

"ನನ್ನ ಆಣೆ ಯಾಕೋ ಬೊಂಬೆ ಆಟಕ್ಕೆ?" ಎಂದು ಒಳಗಿಂದ ಅಕ್ಕನ ದನಿ ಬಂತು.

ಭಾವಮೈದುನ ಇದೆ ಎಂದ ಮೇಲೆ ಇಲ್ಲ ಎನ್ನುವುದು ಥೂ ಮಾಮನಿಗೆ ಇನ್ನೂ ಖಚಿತವಾಯಿತು. ಅವತ್ತೇ ಕೂತು ಬರೆದ. ಬರೆದದ್ದೇನು, ಉಗಿದ. 'ಥೂ. ಚಳಿಗಾಲ ಅಂತ ಮಾರಿ ಬಟನ್ನಿಗೆ ಬಣ್ಣ ಬಳಿದು ಕೊಟ್ಟಿದ್ದಾರೆ. ನನ್ನ ಕೋಟೆಯಲ್ಲಿ ಜನ ಬರಿಮೈಯಲ್ಲಿ ಓಡಾಡುತ್ತಿದ್ದಾರೆ. ನದಿ ಹರಿಯುತ್ತಲೇ ಇದೆ, ನಾಚಿಕೆ ಮಾತ್ರ ಹೆಪ್ಪುಗಟ್ಟಿದೆ.' ಕೊನೆಯ ಸಾಲನ್ನು ಅವನೇ ಮತ್ತೆ ಮತ್ತೆ ಓದಿಕೊಂಡ.

ಗುಂಪು ಹುಚ್ಚೆದ್ದು ಕುಣಿಯಿತು. ಕೊಳ್ಳದವರು ಕೊಳ್ಳದೆ ಬಚಾವಾದೆವು ಎಂದರು. ಕೊಂಡವರಲ್ಲಿ ಕೆಲವರು 'ನಮ್ಮಲ್ಲಿ ಹಿಮ ಬೀಳ್ತಿದೆಯಲ್ಲ' ಎಂದು ಮೆಲ್ಲಗೆ ಬಾಯಿ ತೆರೆದರು. ಅವರಿಗೆ ಮಾಮ 'ಕಣ್ಣಿನ ಡಾಕ್ಟರ ಹತ್ತಿರ ಹೋಗಿ' ಎಂದ. ಎಲ್ಲಕ್ಕಿಂತ ಸೋಜಿಗವೆಂದರೆ ಇನ್ನೊಂದಷ್ಟು ಜನ, ಹಿಮದಲ್ಲಿ ಮಂಡಿಯವರೆಗೆ ಮುಳುಗಿ ಆಡಿದವರೇ, 'ಹೌದು ಮಾಮ, ನಮ್ಮಲ್ಲೂ ಹಿಮ ಇಲ್ಲ' ಎಂದು ತಾಳ ಹಾಕಿದರು. ದೊಡ್ಡವರು ಬಯ್ಯುವಾಗ ಜೊತೆಗೆ ನಿಂತು ಬಯ್ಯುವ ಸುಖಕ್ಕೆ ಮನುಷ್ಯ ತನ್ನ ಕಣ್ಣನ್ನೇ ಮಾರಿಕೊಳ್ಳುತ್ತಾನೆ.

ಕೂಗು ಎಷ್ಟು ದೂರ ಹೋಯಿತೆಂದರೆ ಆಟ ಕಟ್ಟಿದ ತಂಡದ ಮುಖ್ಯಸ್ಥನಿಗೇ ಮುಟ್ಟಿತು. ಗುಂಪಿನವರು ಅವನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಗುಂಪಿನ ಯಜಮಾನಿಕೆ ಔಷಧಿ ಅಂಗಡಿ ನಡೆಸುವ ಒಬ್ಬ ಹೆಂಗಸಿನದು, ಎಲ್ಲರಿಗೂ ಅವಳು ಅಡ್ಮಿನಕ್ಕ. ಶನಿವಾರ ಸಂಜೆ ಮೇಸ್ತ್ರಿ ಗುಂಪಿನ ಜೊತೆ ನೇರವಾಗಿ ಮಾತಾಡುತ್ತಾನೆ, ಆಟಗಾರರ ಪರವಾಗಿ ಒಬ್ಬರೇ ಮಾತಾಡಬೇಕು ಎಂದು ಅವಳು ಸಾರಿದಳು. ಯಾರು ಎಂದು ಯಾರೂ ಕೇಳಲಿಲ್ಲ.

ಶನಿವಾರ ಥೂ ಮಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟ.

"ಬರೀ ಮಾತಲ್ವೇನ್ರೀ? ಧ್ವನಿಗೂ ಇಸ್ತ್ರಿ ಬೇಕಾ?" ಎಂದಳು ಹೆಂಡತಿ.

"ನಿನಗೆ ಗೊತ್ತಾಗಲ್ಲ. ಇವತ್ತು ಅವನ ಮುಖಕ್ಕೇ ಹೇಳ್ತೀನಿ."

"ಮುಖ ಕಾಣಲ್ಲ ಅಂದ್ರಲ್ಲ."

ಬಿಸ್ಕತ್ ಪೊಟ್ಟಣ ಹಿಡಿದು ಸೂಪರ್ ಹಿಂದೆ ಕುರ್ಚಿ ಹಾಕಿಕೊಂಡ. ಅಡ್ಮಿನಕ್ಕನ ದನಿ ಮೊದಲು ಕೇಳಿಸಿತು. "ಎಲ್ರೂ ಮೈಕ್ ಆಫ್ ಮಾಡ್ಕೊಳ್ಳಿ. ಯಾರ್ದೋ ಮನೇಲಿ ಮಿಕ್ಸಿ ಓಡ್ತಿದೆ, ಆಫ್ ಮಾಡಿ ಪ್ಲೀಸ್. ಮಾಮ, ನೀವು ಶುರು ಮಾಡಿ."

ಮಾಮ ಗಂಟಲು ಸರಿಮಾಡಿಕೊಂಡ. "ಮೇಸ್ತ್ರಿಗಳೇ, ಹಿಮಗಾಲ ಅಂತ ಮಾರಿದ್ರಿ. ಹಿಮ ಎಲ್ಲಿ ಸ್ವಾಮಿ? ನಾನು ಒಂದು ವಾರ ಆಡಿದೀನಿ. ಒಂದು ಹಿಡಿ ಹಿಮ ತೋರಿಸಿ, ನಾನು ಆಟಾನೇ ಬಿಟ್ಟುಬಿಡ್ತೀನಿ!"

ಪರದೆಯ ತುಂಬ ಚಪ್ಪಾಳೆಯ ಗುರುತುಗಳು ಉಕ್ಕಿದವು. ಮೇಸ್ತ್ರಿಯ ದನಿ ನಿದ್ದೆಗೆಟ್ಟವನ ದನಿ, ಮೆತ್ತಗಿತ್ತು. "ಸಾರ್, ನಿಮ್ಮ ನದಿ ಗಟ್ಟಿನೇ ಆಗ್ಲಿಲ್ವಾ?"

"ಇಲ್ಲ."

"ಬಂಡಿಯವನು ಬಂದು, ದಾಟಲಾ ಒಡೆಯಾ ಅಂತ ಕೇಳ್ಲಿಲ್ವಾ?"

"ಯಾವ ಬಂಡಿಯವನು?"

ಚಪ್ಪಾಳೆಗಳು ನಿಂತವು. ಹಿಮಗಾಲ ಆಡಿದ ಯಾರಿಗೂ ಬಂಡಿಯವನು ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ. ಬಿಸ್ಕತ್ತನ್ನು ಬಾಯಿಗೆ ಅರ್ಧ ಇಟ್ಟಿದ್ದ ಸೂಪರ್ ಹಾಗೇ ಕೂತ.

"ಸಾರ್, ನಿಮ್ಮ ಪರದೆ ಒಂದ್ನಿಮಿಷ ಎಲ್ರಿಗೂ ತೋರಿಸ್ತೀರಾ? ಹಾಂ, ಬಂತು. ಈಗ ಆಟದ ಮೊದಲ ಪುಟ ತೆಗೀರಿ."

"ಆ ದರಿದ್ರ ಪುಟ ನಾನು ನೋಡಲ್ಲ" ಎಂದ ಮಾಮ. ನಿಜ. ಆ ಪುಟದ ತುಂಬ 'ಕೊಳ್ಳಿ, ಕೊಳ್ಳಿ' ಎಂಬ ಜಾಹೀರಾತು ಇರುತ್ತಿದ್ದರಿಂದ, ಅದರ ಮೇಲಿನ ಅಸಹ್ಯಕ್ಕೆ, ವರ್ಷಗಳ ಹಿಂದೆಯೇ ಅದನ್ನು ಹಾರಿ ಸೀದಾ ಆಟಕ್ಕೆ ಇಳಿಯುವ ಅಡ್ಡದಾರಿ ಮಾಡಿಕೊಂಡಿದ್ದ. ಅದನ್ನು ಗುಂಪಿನಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದ.

"ಒಂದ್ಸಲ ನೋಡಿ ಸಾರ್."

ಪುಟ ತೆರೆಯಿತು. ಎಡಗಡೆ ಇಲ್ಲಿಯವರೆಗೆ ಅವನು ಕೊಂಡ ಭಾಗಗಳ ಹೆಸರುಗಳು, ಪ್ರತಿಯೊಂದರ ಪಕ್ಕ ಒಂದು ಪುಟ್ಟ ಚೌಕ. ಚೌಕಕ್ಕೆ ಟಿಕ್ ಹಾಕಿದರೆ ಮಾತ್ರ ಆ ಭಾಗ ಆಟಕ್ಕೆ ಸೇರುತ್ತದೆ. ಹಿಮಗಾಲದ ಚೌಕ ಖಾಲಿ. ಮಾಮ ಆಡಿದ್ದು ಹಳೆಯ ಆಟವನ್ನೇ. ಬಟನ್ನಿನ ಬಣ್ಣ, ಕಂದಾಯದ ಲೆಕ್ಕ ಎಲ್ಲರಿಗೂ ಪುಕ್ಕಟೆ ಬಂದದ್ದು.

ಅಷ್ಟಕ್ಕೇ ಮುಗಿದಿದ್ದರೆ ಹೇಗೋ ಆಗುತ್ತಿತ್ತು. ಹಿಮಗಾಲದ ಮೇಲೆ ಇನ್ನೊಂದು ಹೆಸರಿತ್ತು, ಹೋದ ವರ್ಷ ಬಂದ 'ಬಂದರುಗಳು'. ಅದರ ಚೌಕವೂ ಖಾಲಿ. 'ಥೂ, ಬಂದರು ಎಲ್ಲಿದೆ, ದುರ್ಬೀನು ಹಾಕಿ ಹುಡುಕಬೇಕಾ' ಎಂದು ಅದಕ್ಕೂ ಉಗಿದಿದ್ದ. ಅದರ ಮೇಲಿನ 'ಹೊಸ ರಾಣಿಯರು' ಕೂಡ ಖಾಲಿ. ರಾಣಿಯರೇ ಇಲ್ಲದ ಅರಮನೆಯಲ್ಲಿ ಕೂತು ಅವನು ರಾಣಿಯರಿಗೆ ಮಾತೇ ಬರುವುದಿಲ್ಲ ಎಂದು ಬರೆದಿದ್ದ.

"ಪರ್ವಾಗಿಲ್ಲ ಸಾರ್" ಎಂದ ಮೇಸ್ತ್ರಿ, ಇನ್ನೂ ಮೆತ್ತಗೆ. "ಹಳೇ ಆಟದ ಬಗ್ಗೆ ಇಷ್ಟು ವರ್ಷ ಯಾರೂ ಇಷ್ಟು ವಿವರವಾಗಿ ಬರ್ದಿರ್ಲಿಲ್ಲ."

ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಯಾರದೋ ಮೈಕು ತೆರೆದಿತ್ತು. ಒಬ್ಬ ಬಿಕ್ಕಿ ಬಿಕ್ಕಿ ನಗುವುದು ಕೇಳಿಸಿತು, ಆಮೇಲೆ ಇಬ್ಬರು, ಆಮೇಲೆ ಇಡೀ ಗುಂಪು. ಮಾಮ ತಂತಿಯನ್ನೇ ಕಿತ್ತ.

"ಭಾವ" ಎಂದ ಸೂಪರ್, ನಗಬಾರದೆಂದು ಕೆನ್ನೆ ಕಚ್ಚಿಕೊಂಡು. "ಬಾಯಿಗೆ ಇಡ್ದೇನೇ ಬೇಯ್ಸಿಬಿಟ್ರಲ್ಲ ಭಾವ."

"ಎದ್ದು ಹೋಗೋ ಆಚೆ!"

ಮರುದಿನ ಗುಂಪಿನ ಬಣ್ಣವೇ ಬೇರೆ. 'ನಮ್ಮಲ್ಲೂ ಹಿಮ ಇಲ್ಲ' ಎಂದು ತಾಳ ಹಾಕಿದ್ದವರು ಸದ್ದಿಲ್ಲದೆ ಅದನ್ನು ಅಳಿಸಿ ಎಲ್ಲರಿಗಿಂತ ಮೊದಲು ನಗಲು ಬಂದಿದ್ದರು. 'ನನಗೆ ಮೊದಲೇ ಡೌಟಿತ್ತು' ಎನ್ನುವವರಂತೂ ಹುತ್ತದ ಗೆದ್ದಲಿನ ಹಾಗೆ ಎದ್ದರು. ಮಾಮನ ಮೇಲಿನ ಸಿಟ್ಟಿಗೆ ಹಿಮಗಾಲವನ್ನು ಕೊಂಡು, ಆಡದೆಯೇ 'ಅದ್ಭುತ' ಎಂದು ಬರೆದವರೂ ಇದ್ದರು. ಮಾಮ ಎಲ್ಲಿ ಏನು ಬರೆದಿದ್ದನೋ ಅಲ್ಲೆಲ್ಲ ಒಂದೇ ಪ್ರಶ್ನೆ ಬಂದು ಕೂತಿತು. 'ಟಿಕ್ ಹಾಕಿದ್ರಾ ಮಾಮ?'

ಅವನು ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿ ಕೆಲಸಕ್ಕೆ ಹೋಗತೊಡಗಿದ. ಹಿಂದಿನ ಕೋಣೆಯ ದವಡೆಗಳೆಲ್ಲ ತನ್ನನ್ನು ನೋಡಿ ನಗುತ್ತಿವೆ ಅನ್ನಿಸುತ್ತಿತ್ತು. ಬೊಚ್ಚುಬಾಯಿ ನಕ್ಕರೆ ಅದಕ್ಕಿಂತ ಅವಮಾನ ಬೇರೆ ಇಲ್ಲ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಬಾಗಿಲಲ್ಲಿ ತಲೆ ಹಾಕಿದಳು. "ಆ ಅಜ್ಜಿಗೆ ಮೇಣ ಇಟ್ಟು ನೋಡೋಕೆ ಪುರುಸೊತ್ತಿಲ್ವಂತೆ. ಸೀದಾ ಬೇಯ್ಸಿಕೊಡಿ ಅಂತಿದಾರೆ. ಮಾಡ್ಬಿಡ್ತೀರಾ?"

ಮಾಮ ಕೈಯಲ್ಲಿದ್ದ ಗುಲಾಬಿ ಮೇಣದ ದವಡೆಯನ್ನು ನೋಡಿದ. ಕಿವಿ ಕೆಂಪಾಯಿತು.

"ಬೇಡ ಡಾಕ್ಟ್ರಮ್ಮ. ಬಂದು ಬಾಯಿಗಿಟ್ಟು ನೋಡ್ಲಿ. ಆಗದಿದ್ರೆ ಎದುರು ಬೀದಿಗೆ ಹೋಗ್ಲಿ."

ಮನೆಗೆ ಬಂದವನು ಟವೆಲ್ ಎಳೆದ. ದರಿದ್ರ ಪುಟ ತೆರೆದು, ಎಲ್ಲ ಚೌಕಗಳಿಗೂ ಒಂದೊಂದೇ ಟಿಕ್ ಹಾಕಿ, ಹಿಮಗಾಲಕ್ಕೆ ಇಳಿದ. ಹಿಮ ಬಿತ್ತು. ನದಿ ಗಟ್ಟಿಯಾಯಿತು. ಎದೆಯಲ್ಲಿ ಅವನಿಗೊಂದು ಹೆದರಿಕೆಯಿತ್ತು, ಯಾರಿಗೂ ಹೇಳಿಕೊಳ್ಳಲಾಗದ್ದು: ಎಲ್ಲಾದರೂ ಈ ಆಟ ಚೆನ್ನಾಗಿದ್ದುಬಿಟ್ಟರೆ?

ಅವನ ಪುಣ್ಯ ದೊಡ್ಡದು. ಹಿಮಗಾಲ ಚೆನ್ನಾಗಿರಲಿಲ್ಲ. ಚೆನ್ನಾಗಿರಲಿಲ್ಲ ಎಂದರೆ ಸಾಲದು, ಅಸಡ್ಡಾಳವಾಗಿತ್ತು. ಚಳಿ ಬಿದ್ದ ತಕ್ಷಣ ಪ್ರಜೆಗಳೆಲ್ಲ ಮನೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬಿಸಿಲು ಬಂದ ಮೇಲೂ ದೊರೆಯಾದವನು ಮನೆಮನೆಯ ಮೇಲೆ ಒತ್ತಿ ಒತ್ತಿ ಎಬ್ಬಿಸಬೇಕು. ರಸ್ತೆಗಳನ್ನೆಲ್ಲ ಹಿಮ ಮುಚ್ಚಿ, ನಮ್ಮ ಸೈನ್ಯ ನಮಗೇ ಕಾಣದು. ಇನ್ನು ಆ ಬಂಡಿಯವನು. ಪ್ರತಿ ಸರದಿಗೂ ನದಿಯ ದಡಕ್ಕೆ ಬಂದು ನಿಂತು, ಆಟವನ್ನೇ ನಿಲ್ಲಿಸಿ, 'ದಾಟಲೇ ಒಡೆಯಾ?' ದಾಟು ಎಂದರೆ ಒಂದು ಹೆಜ್ಜೆ ಇಟ್ಟು ಮತ್ತೆ, 'ದಾಟಲೇ ಒಡೆಯಾ?'

ಈ ಸಲ ಅವನು ಅರ್ಧಕ್ಕೇ ಬರೆಯಲು ಕೂರಲಿಲ್ಲ. ಮೂರು ಚಳಿಗಾಲ ದಾಟಿಸಿ, ಕೋಟೆ ಗೆದ್ದು, ಸೋತು, ಮತ್ತೆ ಗೆದ್ದು, ಆಮೇಲೆ ಬರೆದ. ಹಿಂದೆಂದೂ ಅಷ್ಟು ಸತ್ಯವಾಗಿ ಬರೆದಿರಲಿಲ್ಲ. 'ಥೂ. ಈಗ ಟಿಕ್ ಹಾಕಿ ಆಡಿ ಹೇಳುತ್ತಿದ್ದೇನೆ' ಎಂದು ಶುರುಮಾಡಿ, ಎಲ್ಲೆಲ್ಲಿ ಏನೇನು ಕೆಟ್ಟಿದೆ ಎಂದು ಬಿಡಿಸಿ ಬಿಡಿಸಿ ಇಟ್ಟ.

ಮೊದಲ ಉತ್ತರ ಬಂತು. 'ಮಾಮ, ಕಂಪ್ಯೂಟರ್ ಆನ್ ಮಾಡಿದ್ರಾ?'

ಎರಡನೆಯದು, 'ಮನೇಲಿ ಕರೆಂಟ್ ಇತ್ತಾ ಮಾಮ?'

ಆಮೇಲೆ ಓದುವುದನ್ನು ನಿಲ್ಲಿಸಿದ. ಬಂಡಿಯವನ ಕಾಟಕ್ಕೆ ಅವರೂ ದಿನಾ ಹಲ್ಲು ಕಡಿಯುತ್ತಿದ್ದರು, ಅದು ಅವನಿಗೆ ಗೊತ್ತಿತ್ತು. ಆದರೂ 'ಮಾಮ ಕೆಟ್ಟದು ಅಂದರೆ ಒಳ್ಳೆಯದೇ ಇರಬೇಕು' ಎಂದು ಜನ ಹೊಸದಾಗಿ ಕೊಳ್ಳುತ್ತಿದ್ದರು. ಸುಳ್ಳು ಹೇಳಿದಾಗ ತಲೆಯ ಮೇಲೆ ಹೊತ್ತು ಕುಣಿದವರು ನಿಜ ಹೇಳಿದಾಗ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಇಂಥವರ ದೊರೆಯಾಗಿದ್ದೆನಲ್ಲ ಎಂದು ಅವನಿಗೆ ಮೊದಲ ಸಲ ತನ್ನ ಮೇಲೆಯೇ ಥೂ ಅನ್ನಿಸಿತು. ಆದರೆ ಹೇಳಿ ನಂಬಿಸಲು ಒಬ್ಬರೂ ಇಲ್ಲದಿದ್ದರೆ ಥೂ ಎನ್ನುವುದರಲ್ಲಿ ಏನು ಸುಖ? ಬರಿಯ ಎಂಜಲು, ಅಷ್ಟೇ.

ಹೆಂಡತಿಗೆ ರಜೆಯಿದ್ದ ಮಧ್ಯಾಹ್ನ. ಒಗೆದ ಬಟ್ಟೆ ಮಡಿಸುತ್ತಾ ಹಾಲಿನಲ್ಲಿ ಕೂತಿದ್ದಳು. ಗಂಡ ಮಾತಿಲ್ಲದೆ, ಬೈಗುಳವಿಲ್ಲದೆ ಪರದೆ ನೋಡುತ್ತಿರುವುದು ಅವಳಿಗೆ ಯಾಕೋ ಸರಿಬೀಳಲಿಲ್ಲ. ಬೈಯುವ ಮನುಷ್ಯ ಸುಮ್ಮನಾದರೆ ಮನೆಯಲ್ಲಿ ಗಡಿಯಾರ ನಿಂತ ಹಾಗೆ. ಕೈಯಲ್ಲಿ ದಿಂಬಿನ ಚೀಲ ಹಿಡಿದೇ ಎದ್ದು ಬಂದು ಅವನ ಹಿಂದೆ ನಿಂತಳು, ಇಷ್ಟು ವರ್ಷಗಳಲ್ಲಿ ಮೊದಲ ಸಲ.

"ಇವನ್ಯಾರು, ದಡದಲ್ಲಿ ನಿಂತಿರೋನು?"

"ಬಂಡಿಯವನು."

"ಯಾಕೆ ನಿಂತಿದಾನೆ?"

"ದಾಟಲಾ ಅಂತ ಕೇಳ್ತಿದಾನೆ."

"ದಾಟು ಅನ್ನಿ."

ಅವನು ಒತ್ತಿದ. ಬಂಡಿ ಒಂದು ಹೆಜ್ಜೆ ಇಟ್ಟಿತು. 'ದಾಟಲೇ ಒಡೆಯಾ?'

"ಈಗ ತಾನೇ ಹೇಳಿದ್ರಲ್ಲ!"

"ಮತ್ತೆ ಕೇಳ್ತಾನೆ."

"ನಿಮಗೆ ಏನೋ ಒತ್ತೋಕೆ ಬರ್ತಿಲ್ಲ. ಕೊಡಿ ಇಲ್ಲಿ." ಅವಳೇ ಮೌಸ್ ಹಿಡಿದು ಒತ್ತಿದಳು. 'ದಾಟಲೇ ಒಡೆಯಾ?' ಮತ್ತೆ ಒತ್ತಿದಳು. 'ದಾಟಲೇ ಒಡೆಯಾ?' ದಿಂಬಿನ ಚೀಲ ನೆಲಕ್ಕೆ ಬಿತ್ತು. "ಇದೇನ್ರೀ ಇದು, ನನ್ನ ತಮ್ಮನ್ನ ಅಂಗಡಿಗೆ ಕಳ್ಸಿದ ಹಾಗೆ? ಹೆಜ್ಜೆಹೆಜ್ಜೆಗೂ ಫೋನು!"

ಮಾಮ ತಲೆಯೆತ್ತಿ ಅವಳನ್ನು ನೋಡಿದ.

ಅವಳು ಸೊಂಟಕ್ಕೆ ಕೈಯಿಟ್ಟು ಪರದೆಯನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ನಿಲ್ದಾಣದ ಮೈಕಿನ ದನಿಯಲ್ಲಿ, ಒಂದಿಷ್ಟೂ ಏರಿಳಿತವಿಲ್ಲದೆ ಹೇಳಿದಳು. "ಪ್ರಯಾಣಿಕರ ಗಮನಕ್ಕೆ. ಆಚೆ ದಡಕ್ಕೆ ಹೋಗಬೇಕಾದ ಬಂಡಿ, ಬಂಡಿಯವನಿಗೆ ಬುದ್ಧಿ ಬರುವವರೆಗೆ ಹೊರಡುವುದಿಲ್ಲ. ತಮಗಾದ ತೊಂದರೆಗೆ ವಿಷಾದಿಸುತ್ತೇವೆ."

ಅವನಿಗೆ ನಗು ಬಂತು. ತಡೆಯಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಫ್ರಿಜ್ಜಿಗೆ ತಲೆಯೊರಗಿಸಿ ನಕ್ಕ.

"ನಗ್ತೀರಲ್ಲ! ಇದನ್ನ ಮಾಡಿದೋನು ಒಂದ್ಸಲ ಆಡಿ ನೋಡಿದಾನಾ?" ಎಂದಳವಳು, ನಗದೆ. "ಮತ್ತೆ ಈ ಮನೆಗಳು ಯಾಕೆ ಹಾಗೆ ಬಾಗಿಲು ಹಾಕ್ಕೊಂಡಿವೆ? ಬಿಸಿಲು ಬಂದಿದೆಯಲ್ಲ?"

"ಒಂದೊಂದೇ ಎಬ್ಬಿಸ್ಬೇಕು."

"ಒಂದೊಂದೇನಾ?"

"ಪ್ರತಿ ಚಳಿಗಾಲಕ್ಕೂ."

ಅವಳು ಪರದೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು, ಪೂರ್ತಿ ನೋಡಿದಳು. ಮೂಗು ನಿಧಾನವಾಗಿ ಮೇಲಕ್ಕೆ ಸರಿಯಿತು.

"ಥೂ!" ಎಂದಳು.

ಮಾಮ ಎದ್ದು ಹೋಗಿ, ಭಾವಮೈದುನ ಕೂರುತ್ತಿದ್ದ ಕುರ್ಚಿಯ ಮೇಲಿನ ಬಿಸ್ಕತ್ತಿನ ಪುಡಿಯನ್ನು ಅಂಗೈಯಲ್ಲಿ ಒರೆಸಿ, ಅದನ್ನು ಎಳೆದು ತಂದು ತನ್ನ ಕುರ್ಚಿಯ ಪಕ್ಕಕ್ಕೆ ಹಾಕಿದ.